ಬಿಜಾಪುರದಿಂದ ಲಂಡನ್‌ತನಕ ಗಂಡ-ಹೆಂಡ್ತಿ ಇಬ್ರ: ಹಳೇ ಸ್ಕಾರ್ಪಿಯೋ ಇಟ್ಕೋಬೇಕೋ, ಹೊಸಾದು ತಗೋಬೇಕೋ?

ತಿಕೋಟಾ_ದ್ರಾಕ್ಷಿ:
ನಮಸ್ಕಾರ್ರೀ ಎಲ್ಲಾರಿಗೂ. ನಾವು ತಿಕೋಟಾ ಕಡೆಯವ್ರು, ದ್ರಾಕ್ಷಿ ತೋಟ ಐತಿ. ಮಗಳ ಮದುವಿ ಆತು, ಮಗ ಪುಣೇದಾಗ ಸೆಟ್ಲ್ ಆದ, ಈಗ ನನಗೂ ನಮ್ಮ ಮನಿಯವ್ರಿಗೂ ಭಾಳ ವರ್ಷದ ಆಸೆ ಒಂದ ಉಳದೈತಿ, ನಮ್ಮ ಗಾಡಿ ತಗೊಂಡು ರೋಡ್ ಮ್ಯಾಲೇ ಲಂಡನ್ ಮುಟ್ಟೋದು. ಗಾಡಿ 2016ರ ಸ್ಕಾರ್ಪಿಯೋ ಫೋರ್ ಬೈ ಫೋರ್, ಬಿಎಸ್4 ಡೀಸೆಲ್ (ಬಿಎಸ್ ಅಂದ್ರ ಗಾಡಿ ಹೊಗಿ ಮ್ಯಾಲಿನ ಸರ್ಕಾರಿ ನಿಯಮ, ಅಂಕಿ ಜಾಸ್ತಿ ಆದಂಗ ಬಿಗಿ). ಲೇಹ್‌ತನಕ ಹೋಗಿ ಬಂದೈತಿ, ಏನೂ ತ್ರಾಸ ಕೊಟ್ಟಿಲ್ಲ, ಇಬ್ರೂ ಓಡಸ್ತೀವಿ.

ತೋಟದವ್ರಿಗೆ ಟೈಮ್ ನಮ್ಮ ಕೈಯಾಗ ಇರಂಗಿಲ್ಲ ನೋಡ್ರಿ, ಎಪ್ರಿಲ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೋದು) ಮುಗಿಸಿ ಹೊಂಟ್ರ ಅಕ್ಟೋಬರ್ ಚಾಟ್ನಿಗೆ ವಾಪಸ್ ಬಂದಿರ್ಬೇಕು, ನಡುವ ಔಷಧ ಹೊಡಿಯೋದು ಮೈದುನ ನೋಡ್ಕೋತಾನ. ಶೋರೂಮಿನವ್ರು ಹಳೇದು ಕೊಟ್ಟು ಬಿಎಸ್6 ಹೊಸಾದು ತಗೋರಿ, ದೂರದ ಹಾದಿಗೆ ಅದ ಛಲೋ ಅಂತಾರ, ಖರೇ ಏನ್ರಿ? ಆಮ್ಯಾಲೆ ಈ ಕಾರ್ನೆ ಅಂದ್ರ ಏನು, ಯಾಕ ಅಷ್ಟು ಡಿಪಾಸಿಟ್ ಕೇಳ್ತಾರ? ಗಾಡಿ ಮ್ಯಾಲೆ ಟೆಂಟ್ ಹಾಕ್ಸಬೇಕಂತ ಇವ್ರ ಹಟ, ಅದರ ಬಗ್ಗೇನೂ ಹೇಳ್ರಿ. ನೇಪಾಳ, ಚೀನಾ, ಕಿರ್ಗಿಸ್ತಾನ್, ರಷ್ಯಾ ಹಿಡಿದು ಯುರೋಪ್ ಅಂತ ಅನ್ಕೊಂಡೀವಿ.

ಡೀಸೆಲ್_ಮಿಸ್ತ್ರಿ_ಬಾಗಲಕೋಟಿ:
ಅಕ್ಕಾರ, ಆ ಗಾಡಿ ಮಾರಬ್ಯಾಡ್ರಿ. ಬಿಎಸ್6 ಕೆಟ್ಟದ್ದು ಅಂತ ಅಲ್ಲ, ಊರಾಗ ಓಡ್ಸಾಕ ಭಾಳ ಛಲೋ, ಆದ್ರ ಅದಕ್ಕ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕ 10 ಭಾಗ) ಗಂಧಕದ ಡೀಸೆಲ್ಲೇ ಬೇಕು, ನಿಮ್ಮ ಬಿಎಸ್4 ತಯಾರ ಆಗಿದ್ದು 50 ಪಿಪಿಎಂ ಲೆಕ್ಕಕ್ಕ. ಬಿಎಸ್6 ಗಾಡಿ ಸೈಲೆನ್ಸರ್ ಲೈನಿನಾಗ ಡಿಪಿಎಫ್ ಅಂತ ಒಂದು ಜಾಳಗಿ ಇರ್ತೈತಿ, ಮಸಿ ಹಿಡಕೊಂಡು ಆಮ್ಯಾಲೆ ತಾನ ಸುಟ್ಟು ಸ್ವಚ್ಛ ಮಾಡ್ಕೋತೈತಿ. ಗಂಧಕ ಜಾಸ್ತಿ ಇದ್ದ ಎಣ್ಣಿ ಬಿತ್ತಂದ್ರ ಅದರ ಮುಂದಿರೋ, ಹೊಗಿ ಶುದ್ಧ ಮಾಡೋ ಕ್ಯಾಟಲಿಸ್ಟ್ ಮಂದ ಆಗಿ ಮಸಿ ಸುಡೋದು ನಿಲ್ತೈತಿ, ಜಾಳಗಿ ಕಟ್ಕೋತೈತಿ, ಗಾಡಿ ಲಿಂಪ್ ಮೋಡಿಗೆ (ತಾನ ಶಕ್ತಿ ಕಮ್ಮಿ ಮಾಡ್ಕೊಳ್ಳೋದು) ಹೋಗಿ ಘಾಟ್ ಏರಂಗಿಲ್ಲ. ಅಲ್ಲಿ ನಿಮ್ಮ ಗಾಡಿಗೆ ಹೊಂದೋ ಸ್ಕ್ಯಾನರ್ ಹಿಡಕೊಂಡು ಯಾರ್ ಬರ್ತಾರ ಹೇಳ್ರಿ. ಕೆಲವು ಬಿಎಸ್6 ಡೀಸೆಲ್ಲಿಗೆ ಡಿಇಎಫ್ (ಹೊಗಿ ಶುದ್ಧ ಮಾಡೋ ಯೂರಿಯಾ ನೀರು) ಬ್ಯಾರೆ ಹಾಕ್ಬೇಕು, ಅದು ಮೈನಸ್ 11 ಡಿಗ್ರಿಗೆ ಹೆಪ್ಪಗಟ್ಟತೈತಿ.

ನೇಪಾಳಕ್ಕ ನಮ್ಮ ಇಂಡಿಯನ್ ಆಯಿಲ್ಲೇ ಡೀಸೆಲ್ ಕೊಡ್ತೈತಿ, ಚೀನಾ ಮತ್ತ ಯುರೋಪಿನಾಗೂ 10 ಪಿಪಿಎಂ ಸಿಗ್ತೈತಿ, ತ್ರಾಸ ನಡುವಿನ ದೇಶದಾಗ. ತಜಿಕಿಸ್ತಾನ್ ಪಾಮೀರ್ ಕಡೆ ತಿರುಗಿದ್ರ ಬ್ಯಾರಲ್ಲಿನಿಂದ ಬಕೀಟಿನಾಗ ಅಳದು ಹಾಕೋ ಎಣ್ಣಿನೂ ಹಾಕ್ಸಬೇಕಾಗ್ತೈತಿ. ಉಜ್ಬೇಕಿಸ್ತಾನದಾಗ ಭಾಳಷ್ಟು ಗಾಡಿ ಗ್ಯಾಸ್ ಮ್ಯಾಲೆ ಓಡ್ತಾವ, ಡೀಸೆಲ್ ಬಂಕ್ ಹುಡುಕೋದ ಒಂದು ಕೆಲಸ. ಅದಕ್ಕ ಡೀಸೆಲ್ ಫಿಲ್ಟರ್ ನಾಕೈದು ಜಾಸ್ತಿ ಇಟ್ಕೋರಿ, ಮತ್ತ ಫಿಲ್ಟರಿನ ತಳದಾಗ ನೀರು ಬಿಡೋ ಸ್ಕ್ರೂ ಇರ್ತೈತಲ್ಲ, ಅದನ್ನ ಇಬ್ರೂ ಕೈಯಿಂದ ಮಾಡಿ ಕಲೀರಿ. ಗಾಡಿ ರಾತ್ರಿಯೆಲ್ಲಾ ನಿಂತಿದ್ದಾಗ, ಮುಂಜಾನೆ ಸ್ಟಾರ್ಟ್ ಮಾಡೋಕಿನ್ನ ಮುಂಚೆ, ಕೆಳಗ ಒಂದು ಗಾಜಿನ ಬಾಟ್ಲಿ ಹಿಡದು ಸ್ವಲ್ಪ ಸಡ್ಲ ಮಾಡ್ರಿ. ನೀರು ತಳಕ್ಕ ಕುಂತಿರ್ತೈತಿ, ಮೊದ್ಲ ಅದ ಬರ್ತೈತಿ, ಬಾಟ್ಲಿನಾಗ ಗೆರಿ ಕೊರದಂಗ ಬ್ಯಾರೆ ಕಾಣ್ತೈತಿ, ಬರೇ ಡೀಸೆಲ್ ಬರಾಕ ಹತ್ತಿದ ಮ್ಯಾಲೆ ಬಿಗೀರಿ. ಹೋಗೋಕಿನ್ನ ಮುಂಚೆ ಕ್ಲಚ್ ಸೆಟ್, ವ್ಹೀಲ್ ಬೇರಿಂಗ್, ಹೋಸ್ ಪೈಪ್ ಎಲ್ಲಾ ಹೊಸಾದು ಹಾಕ್ಸಿ ಬಿಚ್ಚಿದ್ದನ್ನ ಸ್ಪೇರ್ ಅಂತ ಒಯ್ರಿ.

ಹಳೇ ಗಾಡಿ ತಡಿತೈತೋ ಇಲ್ಲೋ ಅನ್ನೋ ಚಿಂತಿ ಬಿಡ್ರಿ. ಸ್ವಿಸ್ ದಂಪತಿ ಎಮಿಲ್ ಮತ್ತ ಲಿಲಿಯಾನಾ ಶ್ಮಿಡ್ 1984ರಾಗ ಹೊಂಟವ್ರು, ಒಂದ ಲ್ಯಾಂಡ್ ಕ್ರೂಸರಿನಾಗ 7 ಲಕ್ಷ ಕಿಲೋಮೀಟರ್ ಮ್ಯಾಲೆ ಸುತ್ತ್ಯಾರ, ಗಿನ್ನೆಸ್‌ನಾಗ ಅವರ ಹೆಸರೈತಿ.

ಬಂದರ_ಕಾಗದ:
ನಾನು ಮುಂಬೈನಾಗ ಕ್ಲಿಯರಿಂಗ್ ಕೆಲಸ ಮಾಡಿ ಈಗ ಚಿಕ್ಕೋಡಿನಾಗ ಇದ್ದೀನಿ. ಕಾರ್ನೆ ಅಂದ್ರ ಗಾಡಿನ ಆ ದೇಶದಾಗ ಮಾರಂಗಿಲ್ಲ, ತಿರುಗಿ ತಗೊಂಡು ಹೋಗ್ತೀನಿ ಅಂತ ಕೊಡೋ ಜಾಮೀನು. ಮಾರಿದ್ರ ಆ ದೇಶದ ಕಸ್ಟಮ್ಸ್ ಸುಂಕ ಯಾರು ಕಟ್ಟೋರು? ಅದಕ್ಕ ಗಾಡಿ ಕಿಮ್ಮತ್ತು ಮತ್ತ ನೀವು ಹೋಗೋ ದೇಶ ನೋಡಿ ಬ್ಯಾಂಕ್ ಗ್ಯಾರಂಟಿ ಕೇಳ್ತಾರ. ಇಲ್ಲೂ ಹಳೇ ಗಾಡಿನ ಲಾಭ, ಕಿಮ್ಮತ್ತು ಕಮ್ಮಿ ಆದಂಗ ಜಾಮೀನೂ ಕಮ್ಮಿ. ನಮ್ಮ ದೇಶದಾಗ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಶನ್ ಕೊಡ್ತಾರ, ಮುದ್ದತ್ತು ಒಂದು ವರ್ಷ. ಏಜೆಂಟ್ ಹೇಳಿದ ಅಂಕಿ ನಂಬಬ್ಯಾಡ್ರಿ, ಸೀದಾ ಅವರನ್ನ ಕೇಳ್ರಿ.

ಪುಸ್ತಕದ ಒಂದೊಂದು ಹಾಳಿಗೆ ಮೂರು ತುಂಡು ಇರ್ತಾವ. ಒಳಗ ಹೋಗುವಾಗ ಒಂದು ಹರಕೋತಾರ, ಹೊರಗ ಬರುವಾಗ ಇನ್ನೊಂದು, ಮೂರನೇದು ಎರಡೂ ಠಸ್ಸೆ ಹೊತ್ಕೊಂಡು ನಿಮ್ಮ ಕೈಯಾಗ ಉಳೀತದ. ಹೊರಗ ಬಂದ ಠಸ್ಸೆ ಬಿದ್ದಿಲ್ಲಂದ್ರ ಗಾಡಿ ಇನ್ನೂ ಅಲ್ಲೇ ಅದ ಅಂತ ಲೆಕ್ಕ, ಜಾಮೀನು ಬಿಡಂಗಿಲ್ಲ. ಅದಕ್ಕ ಗೇಟ್ ದಾಟೋಕಿನ್ನ ಮುಂಚೆ ಅಲ್ಲೇ ನಿಂತು ತಾರೀಖು ಓದ್ರಿ, ಅವ್ರು ಎಷ್ಟ ಅವಸರ ಮಾಡ್ಲಿ. ಜಾಸ್ತಿ ಟೈರ್, ಫ್ರಿಜ್ ಇದ್ರ ಅದನ್ನೂ ಬರಸ್ರಿ. ಗಾಡಿ ಮ್ಯಾಲೆ ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಬೇಕು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಬ್ರ ಹೆಸರಿಲೇನೂ ಮಾಡಸ್ರಿ, ಆರ್‌ಟಿಒದಾಗ ಆಗ್ತದ, ಅದೂ ಒಂದ ವರ್ಷ.

ಈಗ ನಿಮ್ಮ ದಾರಿ. ಚೀನಾ ಕಾರ್ನೆ ಒಪ್ಪಂಗಿಲ್ಲ, ಅಲ್ಲಿ ಪರವಾನಗಿ ಇದ್ದ ಟ್ರಾವೆಲ್ ಕಂಪನಿ ಮುಖಾಂತ್ರ ಟೆಂಪರರಿ ಲೈಸೆನ್ಸ್, ಟೆಂಪರರಿ ನಂಬರ್ ಪ್ಲೇಟ್, ಮ್ಯಾಲೆ ಗಡಿಯಿಂದ ಗಡಿತನಕ ಜೋಡಿ ಒಬ್ಬ ಗೈಡ್. ಟಿಬೆಟ್‌ಗೆ ಬ್ಯಾರೆ ಪರ್ಮಿಟ್. ನಾಕೈದು ಗಾಡಿ ಕೂಡಿ ಹೋದ್ರ ಖರ್ಚು ಹಂಚಕೊಳ್ಳಾಕ ಬರ್ತದ, ಇಬ್ರ ಹೋದ್ರ ಪೂರ್ತಿ ನಿಮ್ಮ ತಲಿ ಮ್ಯಾಲೆ. ನೇಪಾಳ-ಚೀನಾ ನಡುವಿನ ರಸುವಾಗಢಿ ಗಡಿ ಸೇತುವಿ 2025ರ ಜುಲೈ ಪ್ರವಾಹದಾಗ ಕೊಚ್ಚಿ ಹೋಗಿತ್ತು, ಈಗ ಹೆಂಗದ ಅಂತ ಕೇಳಿನೇ ತಾರೀಖು ಹಾಕ್ಕೋರಿ. ರಷ್ಯಾದಾಗ ನಮ್ಮ ಬ್ಯಾಂಕಿನ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ 2022ರಿಂದ ನಡಿಯಂಗಿಲ್ಲ, ನಗದೇ ಒಯ್ಯಬೇಕು. ಯುರೋಪಿನಾಗ ಗಾಡಿ 6 ತಿಂಗಳು ಇಡಬಹುದು, ಮನುಷ್ಯಾ ಮಾತ್ರ 180 ದಿನದಾಗ 90 ದಿನ. ವಾಪಸ್ ಬರೋದು ಹೆಂಗ? ಗಾಡಿ ಹಡಗಿಗೆ ಹಾಕಿ ವಿಮಾನದಾಗ ಬಂದ್ರ ಮಾತ್ರ ನಿಮ್ಮ ಅಕ್ಟೋಬರ್ ಕೂಡತದ.

ಉದ್ಯಮಬಾಗ_ವೈನಿ:
ನಾನು ಬೆಳಗಾವಿಯಾಕಿ, ನಾವೂ ಗಂಡ-ಹೆಂಡ್ತಿ ಇಬ್ರ ಹೋದವ್ರು, ಕೀನ್ಯಾದ ಮೊಂಬಾಸಾ ಬಂದರಿನಿಂದ ಸೌತ್ ಆಫ್ರಿಕಾದ ಕೇಪ್‌ಟೌನ್. ಅಕ್ಕಾ, ಒಂದು ಮಾತು ಹೇಳ್ಲಿ? ಲಂಡನ್ ಎಲ್ಲೂ ಓಡಿ ಹೋಗಂಗಿಲ್ಲ, ಮೊದಲನೇ ಸಲ ಆಫ್ರಿಕಾ ಮಾಡ್ರಿ. ಮುಂಬೈನಿಂದ ಗಾಡಿ ಹಡಗಿನಾಗ ಮೊಂಬಾಸಾಕ್ಕ. ಕೀನ್ಯಾ, ಟಾಂಜಾನಿಯಾ, ಜಾಂಬಿಯಾ, ಬೋಟ್ಸ್‌ವಾನಾ, ನಮೀಬಿಯಾ, ಸೌತ್ ಆಫ್ರಿಕಾ ಎಲ್ಲಾ ಕಡೆ ನಮ್ಮಂಗ ಎಡಕ್ಕ ಓಡ್ಸೋದು, ಸ್ಟೇರಿಂಗ್ ಬಲಕ್ಕ. ನಿಮ್ಮ ದಾರಿನಾಗ ನೇಪಾಳ ದಾಟಿದ್ರ ಇಂಗ್ಲೆಂಡ್ ಬರೋತನಕ ಬಲಕ್ಕ ಓಡ್ಸಬೇಕು, ಮುಂದಿನ ಲಾರಿ ದಾಟುವಾಗ ಎದುರಿಗೆ ಏನ್ ಬರಾಕತ್ತೈತಿ ಅಂತ ಓಡ್ಸೋರಿಗೆ ಕಾಣಂಗಿಲ್ಲ, ಎಡಕ್ಕ ಕುಂತವ್ರು ಇಡೀ ದಿನ ಹಾಂ, ಬ್ಯಾಡ, ಈಗ ಅಂತ ಹೇಳ್ಕೋತ ಇರ್ಬೇಕು. ತಿಂಗಳಗಟ್ಟಲೆ ಹಂಗ ಮಾಡಿದ್ರ ಇಬ್ರೂ ದಣೀತೀರಿ, ಸಿಟ್ಟು ಒಬ್ರ ಮ್ಯಾಲೊಬ್ರು.

ನಿಮ್ಮ ಟೈಮೂ ಅದಕ್ಕ ಬರೋಬ್ಬರಿ ಕೂಡತೈತಿ, ಮೇ ತಿಂಗಳಿಂದ ಅಕ್ಟೋಬರ್‌ತನಕ ಅಲ್ಲಿ ದಕ್ಷಿಣಕ್ಕ ಒಣ ಹಂಗಾಮು, ಮಳಿ ಇಲ್ಲ, ಪ್ರಾಣಿ ನೀರಿನ ಹತ್ರ ಬರ್ತಾವ. ಪೂರ್ವ ಆಫ್ರಿಕಾದಾಗ 2015ರಿಂದ ಡೀಸೆಲ್ 50 ಪಿಪಿಎಂ, ಮಿಸ್ತ್ರಿ ಅಣ್ಣಾರ ಲೆಕ್ಕ ನೋಡ್ರಿ, ನಿಮ್ಮ ಗಾಡಿಗೆ ಹೇಳಿ ಮಾಡ್ಸಿದಂಗ. ಗಾಡಿ ಇನ್ಶುರೆನ್ಸಿಗೆ ಕೊಮೆಸಾ (ಪೂರ್ವ, ದಕ್ಷಿಣ ಆಫ್ರಿಕಾ ದೇಶಗಳ ವ್ಯಾಪಾರ ಒಕ್ಕೂಟ) ಯೆಲ್ಲೋ ಕಾರ್ಡ್ ಅಂತ ಸಿಗ್ತೈತಿ, ಭಾಳಷ್ಟು ದೇಶಕ್ಕ ಒಂದ ಕಾರ್ಡ್ ನಡೀತೈತಿ. ಬೋಟ್ಸ್‌ವಾನಾ, ನಮೀಬಿಯಾ, ಸೌತ್ ಆಫ್ರಿಕಾ ಕಸ್ಟಮ್ಸ್ ಲೆಕ್ಕಕ್ಕ ಒಂದ ಒಕ್ಕೂಟ. ಜಾಂಬಿಯಾದಿಂದ ಬೋಟ್ಸ್‌ವಾನಾಕ್ಕ ಜಾಂಬೆಜಿ ನದಿ ದಾಟಾಕ ಮೊದ್ಲ ದೋಣಿಗೆ ಸಾಲು ಹಚ್ಚಬೇಕಿತ್ತು, 2021ರಿಂದ ಕಜುಂಗುಲಾ ಸೇತುವಿ ಆಗೈತಿ.

ಬೋಟ್ಸ್‌ವಾನಾದಾಗ ದನಕ್ಕ ಕಾಲುಬಾಯಿ ಬ್ಯಾನಿ ಬರಬಾರ್ದಂತ ರೋಡಿಗೆ ಅಡ್ಡ ಬೇಲಿ, ಗೇಟ್ ಇರ್ತಾವ. ಗಾಡಿಯಿಂದ ಇಳಿಸಿ, ಹಾಕ್ಕೊಂಡ ಚಪ್ಪಲಿಲೇ ಔಷಧದ ನೀರು ಹೀರಿದ ಚಾಪಿ ಮ್ಯಾಲೆ ನಡಸ್ತಾರ, ಗಾಡಿ ಗಾಲಿನೂ ಆ ನೀರಿನ ತಗ್ಗಿನಾಗ ಹಾಯಿಸಬೇಕು, ಫ್ರಿಜ್ ತಗಿಸಿ ಹಸಿ ಮಾಂಸ, ಹಾಲು ಇದ್ರ ಇಟ್ಕೋತಾರ. ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಗೆ ಯಾರೂ ಏನೂ ಅನ್ಲಿಲ್ಲ. ಖರೇನ ಹೇಳ್ತೀನಿ, ಇಡೀ ದಿನ ಗಾಡಿ ಓಡ್ಸಿ ಬಂದಾಗ ಒಲಿ ಹಚ್ಚದ ಊಟ ಆಗೋದು ದೊಡ್ಡ ಮಾತು. ದುಬೈ ಮ್ಯಾಲೆ ಹಾದು ಹೋಗೋದಿದ್ರ ಮಾತ್ರ ಮಸಾಲಿ ಖಾರದಾಗ ಗಸಗಸಿ ಹಾಕಬ್ಯಾಡ್ರಿ, ಅಲ್ಲಿ ಅದು ನಿಷೇಧ, ಜೈಲಿಗೆ ಹಾಕ್ತಾರ.

ಮ್ಯಾಲಿನ ಟೆಂಟ್ ಬ್ಯಾಡೇ ಬ್ಯಾಡ. ಹಡಗಿಗೆ ಗಾಡಿ ಹಾಕೋ 20 ಅಡಿ ಕಂಟೇನರ್ ಬಾಗಲಾ ಎತ್ತರ ಸುಮಾರು 2.28 ಮೀಟರ್, ನಿಮ್ಮ ಗಾಡಿನ 2 ಮೀಟರ್ ಹತ್ರ ಐತಿ, ಮ್ಯಾಲೆ ರ‍್ಯಾಕ್ ಹಾಕಿ ಟೆಂಟ್ ಕುಂದ್ರಿಸಿದ್ರ ಒಳಗ ಹೋಗಂಗಿಲ್ಲ. ಒಳಗ ಮಲ್ಕೊಳ್ಳೋ ವ್ಯವಸ್ಥಾ ಮಾಡ್ರಿ. ಜರ್ಮನಿಯ ಗುಂಥರ್ ಹೋಲ್ಟೋರ್ಫ್ ಮತ್ತ ಅವರ ಹೆಂಡ್ತಿ ಕ್ರಿಸ್ಟೀನ್ ಒಂದು ಮರ್ಸಿಡಿಸ್ ಜೀಪಿನಾಗ ಹಿಂದ ಹಾಸಿಗಿ ಹಾಕ್ಕೊಂಡ ಜಗತ್ತು ಸುತ್ತಿದ್ದು, ಕೆಳಗ ಸಾಮಾನು, ಮ್ಯಾಲೆ ಹಾಸಿಗಿ. ಆಕಿ 2010ರಾಗ ತೀರಕೊಂಡ್ಲು, ಅವ್ರು 2014ರತನಕ ಪ್ರಯಾಣ ಮುಂದುವರಿಸಿದ್ರು, ಆ ಗಾಡಿ ಈಗ ಸ್ಟುಟ್‌ಗಾರ್ಟ್ ಮ್ಯೂಸಿಯಮ್‌ನಾಗ ಐತಿ. ನಾವು ಬೆಳಗಾವಿ ಉದ್ಯಮಬಾಗ ಕಾರ್ಖಾನಿ ಏರಿಯಾದಾಗ ಆ ಹಾಸಿಗಿನ ಅಲ್ಯುಮಿನಿಯಂ ಸೆಕ್ಷನ್‌ಲೇ ಮಾಡ್ಸಿದ್ವಿ, ನಟ್ ಬೋಲ್ಟ್ ಮ್ಯಾಲೆ, ವೆಲ್ಡಿಂಗ್ ಇಲ್ಲ, ಬೇಕಾದಾಗ ಬಿಚ್ಚಬಹುದು.

ತಿಕೋಟಾ_ದ್ರಾಕ್ಷಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಮ್ಮನಿಯವ್ರಿಗೆ ಓದಿ ಹೇಳ್ದೆ. ಗಾಡಿ ಮಾರೋ ಮಾತು ಬಿಟ್ಟೀವಿ. ಆಫ್ರಿಕಾ ಅಂದಕೂಡ್ಲೇ ಸುಮ್ನಾದ್ರು, ಆಮ್ಯಾಲೆ ನಕಾಶೆ ತಗದು ಕುಂತಾರ. ವೈನಿ, ಕಾಮಾಲಿ ಸೂಜಿ ಬೇಕಂತ ಕೇಳೀನಿ, ಅದು ಯಾವಾಗ ಹಾಕ್ಸಬೇಕು?

ಉದ್ಯಮಬಾಗ_ವೈನಿ:
ಯೆಲ್ಲೋ ಫೀವರ್ ಅಂತ, ನಮ್ಮ ಕಾಮಾಲಿ ಬ್ಯಾರೆ. ಹೋಗೋಕಿನ್ನ ಕಮ್ಮಿ ಅಂದ್ರೂ 10 ದಿನ ಮುಂಚೆ, ಸರ್ಕಾರ ನೇಮಿಸಿದ ಸೆಂಟರ್‌ನಾಗ ಮಾತ್ರ, ಒಮ್ಮೆ ಹಾಕ್ಸಿದ್ರ ಸರ್ಟಿಫಿಕೇಟ್ ಜೀವನಪೂರ್ತಿ ನಡೀತೈತಿ. ಆ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೋಡಿನೇ ಇಡ್ರಿ, ಅದಿಲ್ದ ಕೀನ್ಯಾದಿಂದ ವಾಪಸ್ ಬಂದ್ರ ನಮ್ಮ ಏರ್‌ಪೋರ್ಟಿನವ್ರ 6 ದಿನತನಕ ಕ್ವಾರಂಟೈನ್‌ನಾಗ ಇಡ್ತಾರ. ವಯಸ್ಸು 60 ದಾಟಿದ್ರ ಮೊದ್ಲ ನಿಮ್ಮ ಡಾಕ್ಟರ್‌ನ ಕೇಳ್ರಿ. ಮಲೇರಿಯಾ ಗುಳಿಗಿನೂ ಅವತ್ತ ಬರಸ್ಕೊಂಡು ಬರ್ರಿ.