ಗ್ರಾಹಕರ ಆರ್ಡರ್ ಸ್ಪ್ಯಾಮ್‌ಗೆ ಹೋಗುತ್ತಿದೆ, ಇಡೀ ಡೊಮೇನ್ ಸೇಫ್ ಲಿಸ್ಟ್‌ಗೆ ಹಾಕಬಹುದಾ?

ಉದ್ಯಮಬಾಗ_ಲೇತ್:
ನಮಸ್ಕಾರ ರೀ. ಬೆಳಗಾವಿಯಲ್ಲಿ ನಮ್ಮದು ಸಣ್ಣ ಮಶಿನ್ ಶಾಪ್. ಪುಣೆಯ ಒಂದು ಕಂಪನಿಗೆ ಹೈಡ್ರಾಲಿಕ್ ಬಿಡಿಭಾಗ ಮಾಡಿಕೊಡುತ್ತೇವೆ. ಅಲ್ಲಿನ ಪರ್ಚೇಸ್ ಆಫೀಸರ್ ಬರೆದ ಮೇಲ್ ಇನ್‌ಬಾಕ್ಸ್‌ಗೇ ಬರುತ್ತದೆ, ಆದರೆ ಪರ್ಚೇಸ್ ಆರ್ಡರ್ ಮಾತ್ರ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಜಿಮೇಲ್ 30 ದಿನಕ್ಕೆ ಅದನ್ನ ಅಳಿಸಿಬಿಡುತ್ತದೆ, ಆರ್ಡರ್ ಕಣ್ಣಿಗೇ ಬೀಳದೆ ಹೋದರೆ ಡಿಲಿವರಿ ತಪ್ಪುತ್ತದೆ. ಅವರ ಡೊಮೇನ್ (ವಿಳಾಸದಲ್ಲಿ @ ಆದ ಮೇಲಿನ ಭಾಗ) ಪೂರ್ತಿ ಫಿಲ್ಟರ್‌ಗೆ ಹಾಕಿ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಟಿಕ್ ಮಾಡಿಬಿಡಲಾ?

ಗೋಕಾಕ_ಸರ್ವರ್:
ಇಡೀ ಡೊಮೇನ್ ಬೇಡ ರೀ. 'ಫ್ರಮ್' ಅಂತ ಕಾಣುವ ಹೆಸರನ್ನ ಯಾರು ಬೇಕಾದರೂ ಬರೆದು ಕಳಿಸಬಹುದು. 1982ರಲ್ಲಿ ಮೇಲ್ ಕಳಿಸುವ ನಿಯಮಾವಳಿ ಎಸ್‌ಎಮ್‌ಟಿಪಿ ಬಂದಾಗ ಕಳಿಸಿದವರು ಯಾರು ಅಂತ ಪರೀಕ್ಷಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಪರೀಕ್ಷೆಗಳೆಲ್ಲ ಆಮೇಲೆ ಸೇರಿಸಿದ್ದು. ನೀವು ಆ ಟಿಕ್ ಹಾಕಿದರೆ, ಆ ಹೆಸರು ಹೊತ್ತು ಬಂದ ಸುಳ್ಳು ಮೇಲ್ ಕೂಡ ಇನ್‌ಬಾಕ್ಸ್‌ಗೆ ಬಂದು ಕೂರಬಹುದು. 'ನೀವು ಮಾಡಿದ ಫಿಲ್ಟರ್‌ನಿಂದಾಗಿ ಇದು ಸ್ಪ್ಯಾಮ್‌ಗೆ ಹೋಗಲಿಲ್ಲ' ಅಂತ ಜಿಮೇಲ್ ಮೇಲುಗಡೆ ಒಂದು ಪಟ್ಟಿ ತೋರಿಸುತ್ತದೆ, ಆದರೆ ಕೆಲಸದ ಗಡಿಬಿಡಿಯಲ್ಲಿ ಅದನ್ನ ಯಾರು ಓದುತ್ತಾರೆ?

ಆಫೀಸರ್ ಮೇಲ್ ಬರುತ್ತದೆ, ಆರ್ಡರ್ ಬರಲ್ಲ ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಆರ್ಡರ್ ಬಹುಶಃ ಅವರ ಇಆರ್‌ಪಿ (ಖರೀದಿ, ಲೆಕ್ಕ ನೋಡಿಕೊಳ್ಳುವ) ಸಾಫ್ಟ್‌ವೇರ್‌ನಿಂದ, ಬೇರೆ ಸರ್ವರ್ ಮೂಲಕ ಹೊರಡುತ್ತಿದೆ. ಕಂಪ್ಯೂಟರ್‌ನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ನೋಡಿ. ಎಸ್‌ಪಿಎಫ್ ಎದುರು 'ಫೇಲ್' ಅಥವಾ 'ಸಾಫ್ಟ್‌ಫೇಲ್' ಇದ್ದರೆ, ಆ ಸರ್ವರ್ ಅವರ ಡೊಮೇನ್‌ನ ಎಸ್‌ಪಿಎಫ್ ದಾಖಲೆಯಲ್ಲಿ, ಅಂದರೆ ಅವರ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಯಲ್ಲಿ, ಇಲ್ಲ ಅಂತ. ಸ್ಕ್ರೀನ್‌ಶಾಟ್ ತೆಗೆದು ಅವರ ಐಟಿಯವರಿಗೆ ಕಳಿಸಿ. ಸರಿ ಮಾಡಬೇಕಾದ್ದು ಅವರು, ನೀವು ಸುಮ್ನೆ ಬಾಗಿಲು ತೆರೆದಿಟ್ಟರೆ ಆ ದೋಷ ಮುಚ್ಚಿಹೋಗುತ್ತದೆ ಅಷ್ಟೇ.

ಉದ್ಯಮಬಾಗ_ಲೇತ್:
ನೋಡಿದೆ ರೀ, ಎಸ್‌ಪಿಎಫ್ 'ಸಾಫ್ಟ್‌ಫೇಲ್', ಡಿಕಿಮ್ ಸಾಲೇ ಇಲ್ಲ! ಅವರಿಗೆ ಕಳಿಸಿದ್ದೇನೆ. ಅವರು ಸರಿಪಡಿಸುವ ತನಕ ಏನು ಮಾಡಲಿ?

ಗೋಕಾಕ_ಸರ್ವರ್:
ಆರ್ಡರ್ ಬರುವ ಆ ಒಂದೇ ವಿಳಾಸ ಪೂರ್ತಿ ಬರೆದು ಫಿಲ್ಟರ್ ಮಾಡಿ, ಆ ಟಿಕ್ ಅದಕ್ಕೆ ಮಾತ್ರ ಹಾಕಿ, ಒಂದು ಲೇಬಲ್ ಕೊಡಿ. ಅವರದು ಸರಿಯಾದ ದಿನವೇ ಫಿಲ್ಟರ್ ತೆಗೆಯಿರಿ.

ವಿಜಯಪುರ_ಒಣದ್ರಾಕ್ಷಿ:
ನಡುವೆ ಬಂದೆ, ಇದೂ ಗೊತ್ತಿರಲಿ ಅಣ್ಣಾ. ಎಲ್ಲ 'ಪಾಸ್' ಇದ್ದರೂ ನಂಬುವ ಹಾಗಿಲ್ಲ. ನಮಗೆ ಪ್ಯಾಕಿಂಗ್ ಬಾಕ್ಸ್ ಕೊಡುವವರ ಪಾಸ್‌ವರ್ಡ್ ಯಾರೋ ಕದ್ದಿದ್ದರು. ಮೇಲ್ ಬಂದದ್ದು ಅವರ ನಿಜವಾದ ವಿಳಾಸದಿಂದಲೇ, ಕೆಳಗೆ ನಮ್ಮ ಹಳೆಯ ಮಾತುಕತೆ ಎಲ್ಲ ಹಾಗೇ ಇತ್ತು. ಬಿಲ್‌ನಲ್ಲಿ ಬ್ಯಾಂಕ್ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆ. ನಮ್ಮ ಅಕೌಂಟೆಂಟ್ ಅಕ್ಕ ಹಳೆಯ ಬಿಲ್ ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ದುಡ್ಡು ಉಳಿಯಿತು. ಅಂಥ ಮೇಲ್‌ಗೆ ನಿಮ್ಮ ಲಿಸ್ಟ್ ಕೂಡ ಕೆಂಪು ಹಾಸು ಹಾಸುತ್ತದೆ.

ಖಾತೆ ಬದಲಾಗಿದೆ ಅಂತ ಬಂದರೆ ಹಳೆಯ ಬಿಲ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಮಾಡಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ.