ಅಮೆರಿಕದ ಕೊರೊನಾ ಕೃಷಿ ಪರಿಹಾರ: ದನಗಳ ಲೆಕ್ಕ ಹೇಗೆ?

ಪ್ರಶ್ನೆ: 2020ರಲ್ಲಿ ಕೌಂಟಿಯ (ಜಿಲ್ಲೆಯಂಥ ಘಟಕ) ಎಫ್‌ಎಸ್‌ಎ (ಕೃಷಿ ಇಲಾಖೆಯ ರೈತ ಸೇವಾ ಸಂಸ್ಥೆ) ಕಚೇರಿ ಮೂಲಕ ಬಂದ ಸಿಎಫ್‌ಎಪಿ (ಕೊರೊನಾ ಆಹಾರ ನೆರವು ಯೋಜನೆ) ಪರಿಹಾರವನ್ನು ದನ ಸಾಕುವವರಿಗೆ ಹೇಗೆ ಲೆಕ್ಕ ಹಾಕಿದರು? ಫೆಬ್ರವರಿಯಲ್ಲಿ 600 ಪೌಂಡಿಗಿಂತ ಕಡಿಮೆ ತೂಕದ 20 ಕರು ಮಾರಾಟ, ಮೇ ಹೊತ್ತಿಗೆ 50 ದನ ಇದ್ದರೆ?

ಉತ್ತರ 1: ಮೊದಲ ಸುತ್ತಿನಲ್ಲಿ ಎರಡು ಭಾಗ ಇದ್ದವು. ಜನವರಿ 15ರಿಂದ ಏಪ್ರಿಲ್ 15ರೊಳಗೆ ಮಾರಿದ ಆ ತೂಕದ ಕರುವಿಗೆ ತಲಾ 102 ಡಾಲರ್. 600 ದಾಟಿದ್ದರೆ 139. ಏಪ್ರಿಲ್ 16ರಿಂದ ಮೇ 14ರ ನಡುವೆ ಅತಿ ಹೆಚ್ಚು ಇದ್ದ ದನಗಳಿಗೆ ತಲಾ 33. ಅಂದರೆ 2,040 + 1,650 = 3,690. ಮೊದಲು 80% ಅಂದರೆ 2,952 ಕೊಟ್ಟರು, ಉಳಿದ 738 ಆಗಸ್ಟ್‌ನಲ್ಲಿ ಘೋಷಣೆಯಾದ ಮೇಲೆ. ಮೊದಲ ಕಂತೇ ಪೂರ್ತಿ ಎಂದುಕೊಂಡವರು ಬಹಳ.

ಉತ್ತರ 2: ಸಿಎಫ್‌ಎಪಿಯ ಎರಡನೇ ಸುತ್ತಿನಲ್ಲಿ ದನಕ್ಕೆ ತಲಾ 55 ಡಾಲರ್, ಆದರೆ ತಳಿಗಾಗಿ ಇಟ್ಟ ಹಸು-ಹೋರಿ ಲೆಕ್ಕಕ್ಕಿರಲಿಲ್ಲ. ಇಲ್ಲೇ ಜನ ಎಡವಿದ್ದು: ಮೊದಲ ಅರ್ಜಿಯ 50ನ್ನೇ ಮತ್ತೆ ಬರೆದರೆ ತಪ್ಪು. ಅವಧಿಯೂ ಬೇರೆ, ಏಪ್ರಿಲ್ 16ರಿಂದ ಆಗಸ್ಟ್ 31. ಸಂಖ್ಯೆ ರೈತನೇ ಘೋಷಿಸುತ್ತಿದ್ದುದು, ಹಾಗಾಗಿ ತಪಾಸಣೆ ಬಂದರೆ ಮಾರಾಟದ ರಸೀದಿ, ಪಶುವೈದ್ಯರ ದಾಖಲೆ ತೋರಿಸಬೇಕಿತ್ತು.

ಉತ್ತರ 3: ಈ ಹಣ ತೆರಿಗೆಗೆ ಒಳಪಟ್ಟ ಆದಾಯ, ಷೆಡ್ಯೂಲ್ ಎಫ್‌ನಲ್ಲಿ (ಕೃಷಿ ಆದಾಯ ತೋರಿಸುವ ತೆರಿಗೆ ನಮೂನೆ) ತೋರಿಸಬೇಕಿತ್ತು.