ಸಹಾಯ ಬೇಕು: ಕ್ಷುದ್ರಗ್ರಹದ ಬೆಳಕಿನಲ್ಲಿ 3 ಮೈಕ್ರಾನ್ ಹತ್ತಿರದ ಈ ತಗ್ಗು ನೀರಿನದ್ದಾ, ನಾನೇ ತೋಡಿದ್ದಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಪುಣೆಯಲ್ಲಿ ಎಂಎಸ್ಸಿ ಎರಡನೇ ವರ್ಷ. ಭೂಮಿಯ ಹತ್ತಿರ ಬರುವ ಒಂದು ಕ್ಷುದ್ರಗ್ರಹದಲ್ಲಿ ನೀರು ಹಿಡಿದಿಟ್ಟ ಖನಿಜ ಇದೆಯಾ ಅಂತ ಹುಡುಕುವುದು ನನ್ನ ಪ್ರಾಜೆಕ್ಟ್. ನೀರು ಅಂದ್ರೆ ಕೊಡದಲ್ಲಿ ತುಂಬುವ ನೀರಲ್ಲ, ಜೇಡಿಮಣ್ಣಿನಂಥ ಖನಿಜದೊಳಗೆ ಸೇರಿಕೊಂಡ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ, OH). ಅದು ಕೆಲವು ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತದೆ, ಅಲ್ಲಿ ಬೆಳಕು ತಗ್ಗುತ್ತದೆ. ಬೆನ್ನು ಎಂಬ ಕ್ಷುದ್ರಗ್ರಹದಲ್ಲಿ ನಾಸಾದ ಒಸಿರಿಸ್-ರೆಕ್ಸ್ ನೌಕೆಗೆ 2018ರಲ್ಲಿ 2.74 ಮೈಕ್ರಾನ್ ತರಂಗಾಂತರದ ಹತ್ತಿರ ಇಂಥ ತಗ್ಗು ಕಂಡಿತಲ್ಲ, ಅದೇ ಗುರುತು.

ನೌಕೆ ಹತ್ತಿರವೇ ಹೋಗಿತ್ತು. ನನ್ನ ಹತ್ತಿರ ಇರುವುದು ಹವಾಯಿಯ ಐಆರ್‌ಟಿಎಫ್ ಟೆಲಿಸ್ಕೋಪಿನ ಹಳೆಯ ಡೇಟಾ. 2.5ರಿಂದ 2.85 ಮೈಕ್ರಾನ್ ತನಕ ನಮ್ಮ ಗಾಳಿಯ ನೀರಾವಿಯೇ ಬೆಳಕನ್ನು ನುಂಗುತ್ತದೆ, ಆ ಭಾಗ ಬಿಟ್ಟೆ; ಅದರ ಆಚೆ, 3ರ ಹತ್ತಿರ ಉಳಿಯುವ ತಗ್ಗಿನ ಭಾಗವನ್ನಷ್ಟೇ ನೋಡುತ್ತಿದ್ದೇನೆ. ಸೂರ್ಯನ ಬೆಳಕಿನ ಪಾಲು ತೆಗೆಯಲು ಸೂರ್ಯನಂಥ ನಕ್ಷತ್ರದ ಸ್ಪೆಕ್ಟ್ರಮ್‌ನಿಂದ (ತರಂಗಾಂತರವಾರು ಬೆಳಕಿನ ಅಳತೆ) ಭಾಗಿಸಿದೆ. ಇಲ್ಲಿವರೆಗೆ ಸರಿ.

ತೊಂದರೆ ಬಿಸಿಯದ್ದು. ಸೂರ್ಯನ ಹತ್ತಿರ ಕಾದ ಕಲ್ಲು, ಅದರದ್ದೇ ಶಾಖದ ಬೆಳಕು 3 ಮೈಕ್ರಾನ್ ಆಚೆ ಬಂದು ಸೇರುತ್ತದೆ. ಆ ಶಾಖ ಎಷ್ಟು ಅಂತ ಲೆಕ್ಕ ಹಾಕುವ ಥರ್ಮಲ್ ಮಾಡೆಲ್ ಹಾಕಿ ಅದನ್ನು ಕಳೆದೆ. ಬೀಮಿಂಗ್ ಪ್ಯಾರಾಮೀಟರ್ (ಮಾಡೆಲ್‌ನಲ್ಲಿ ಕಲ್ಲಿನ ಬಿಸಿಯನ್ನು ಹೊಂದಿಸುವ ಸಂಖ್ಯೆ, ಕಡಿಮೆ ಇಟ್ಟಷ್ಟೂ ಬಿಸಿ ಜಾಸ್ತಿ) 0.8 ಇಟ್ಟರೆ ಶಾಖ ಜಾಸ್ತಿ ಕಳೆದು 7% ತಗ್ಗು ಕಾಣುತ್ತದೆ. 1.0 ಇಟ್ಟರೆ ತಗ್ಗೇ ಮಾಯ! ನಾಲ್ಕು ವಾರದಿಂದ ಇದೇ ಗೋಳು. ಗೈಡ್ ಕೇಳಿದರೆ "ಎರಡೂ ಬರೆದುಬಿಡು" ಅಂದರು. ಸುಮ್ನೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ ಕಡೆ ಕನ್ನಡದವರು ಯಾರಾದರೂ ಇದ್ದರೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ಇಲ್ಲಿಯೇ ಹೇಳಿದರೂ ಸಾಕು: ಮೊದಲು 3.5ರಿಂದ 4 ಮೈಕ್ರಾನ್ ಭಾಗಕ್ಕೆ ಮಾತ್ರ ಮಾಡೆಲ್ ಹೊಂದಿಸಿ ಬೀಮಿಂಗ್ ಸಂಖ್ಯೆ ಗಟ್ಟಿ ಮಾಡಿಕೊಂಡು, ಆಮೇಲೆ 3ರ ಹತ್ತಿರದ ತಗ್ಗು ಅಳೆಯುವುದು ಸರಿಯಾ, ಅಥವಾ ಬೀಮಿಂಗ್ ಸಂಖ್ಯೆ ನಿರ್ಧರಿಸಲು ಬೇರೆ ದಾರಿ ಇದೆಯಾ?